ಲೈನ್ ಮನೆಯವರ ಪರ ನಮ್ಮ ಚರ್ಚು ನಿಲ್ಲಬೇಕೆಂದಿದ್ದೇವೆ, ಎಲ್ಲಿಂದ ಶುರು ಮಾಡುವುದು?

ಸಿದ್ದಾಪುರದ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಿದ್ದಾಪುರ ಕಡೆಯ ಒಂದು ಕಥೋಲಿಕ ಧರ್ಮಕೇಂದ್ರದವಳು ನಾನು. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ, ಪಾಲನಾ ಸಮಿತಿಯಲ್ಲೂ ಇದ್ದೇನೆ. ಕೊಡಗಿನವರೇ ಉತ್ತರ ಕೊಟ್ಟರೆ ಹೆಚ್ಚು ಉಪಯೋಗ. ಇಲ್ಲಿನ ತೋಟದ ವ್ಯವಹಾರ ಹೊರಗಿನವರಿಗೆ ಬಿಡಿಸಿ ಹೇಳುವುದು ಕಷ್ಟ.

ಕ್ರಿಸ್ಮಸ್ ಹತ್ತಿರ ಬಂದಾಗ ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಗಳಿಗೆ (ತೋಟದ ಕೂಲಿಯವರಿಗೆ ಮಾಲೀಕರು ಕೊಟ್ಟಿರುವ ಸಾಲುಮನೆಗಳು) ಅಕ್ಕಿ, ಕಂಬಳಿ ಹಂಚುವುದು ನಮ್ಮಲ್ಲಿ ಬಹಳ ವರ್ಷದಿಂದ ನಡೆದುಬಂದಿದೆ. ಕಳೆದ ಸಲ ಹಂಚುವಾಗ ಯರವರ (ಇಲ್ಲಿನ ಒಂದು ಆದಿವಾಸಿ ಸಮುದಾಯ) ಒಬ್ಬ ಹೆಂಗಸು ನನ್ನನ್ನು ಬಾಗಿಲ ಹಿಂದಕ್ಕೆ ಕರೆದು ಒಂದು ಪುಟ್ಟ ನೋಟ್‌ಬುಕ್ ಕೈಗಿಟ್ಟಳು. "ಇದರಲ್ಲಿ ಏನು ಬರೆದಿದೆ ಓದಿ ಟೀಚರಮ್ಮ" ಅಂದಳು. ತೋಟದ ರೈಟರು ಬರೆಯುವ ಲೆಕ್ಕ. ಪುಟದ ಮೇಲ್ಗಡೆ "ಹಳೇ ಬಾಕಿ" ಅಂತ ಒಂದು ಮೊತ್ತ. ಕೆಳಗೆ ಅಕ್ಕಿ, ಆಸ್ಪತ್ರೆ, ತಿಥಿ ಖರ್ಚು. ಪಕ್ಕದ ಸಾಲಿನಲ್ಲಿ ವಾರ ವಾರ ಕೂಲಿಯಲ್ಲಿ ಮುರಿದುಕೊಂಡದ್ದು. ಪ್ರತಿ ಪುಟದ ಕೊನೆಗೆ ನೀಲಿ ಶಾಯಿಯ ಹೆಬ್ಬೆಟ್ಟು. ಪುಟ ತಿರುಗಿಸುತ್ತ ಹೋದೆ. ಮುರಿದುಕೊಂಡದ್ದು ಎಷ್ಟೇ ಇರಲಿ, ಬಾಕಿ ಇಳಿದೇ ಇಲ್ಲ. ಮೊದಲ ಪುಟದ ಬಾಕಿ ಅವಳದ್ದೂ ಅಲ್ಲ, ತೀರಿಹೋದ ಗಂಡನದ್ದು. ಈಗ ಮಗನ ಹೆಸರಿಗೂ ಬೇರೊಂದು ಪುಸ್ತಕ ಶುರುವಾಗಿದೆಯಂತೆ. ಮಗಳು ಎಂಟನೇ ತರಗತಿಗೆ ಶಾಲೆ ಬಿಟ್ಟಿದ್ದಾಳೆ. ಹಾಸ್ಟೆಲ್‌ಗೆ ಜಾತಿ ಪ್ರಮಾಣಪತ್ರ ಕೇಳಿದರು, ಮನೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಇದನ್ನು ಸಮಿತಿಯ ಸಭೆಯಲ್ಲಿಟ್ಟೆ. ಯುವಕ ಸಂಘದವರು ಕೂಡಲೇ "ಅಕ್ಕಿ ಹಂಚುವುದು ಸಾಕು, ಈ ಪುಸ್ತಕದ ವಿಷಯ ಕೈಗೆತ್ತಿಕೊಳ್ಳೋಣ" ಅಂದರು. ಉಳಿದವರಲ್ಲಿ ಮಾತು ಒಡೆಯಿತು. ಚರ್ಚಿನ ಕೆಲಸ ಪೂಜೆ, ಪ್ರಾರ್ಥನೆ, ಕೈಲಾದ ದಾನ, ಕೋರ್ಟು ಕಚೇರಿ ನಮಗೇಕೆ ಎಂದರು ಕೆಲವರು. ಬಡವರ ಮನೆ ಹೊಕ್ಕರೆ ಮತಾಂತರ ಅಂತ ಗುಲ್ಲೆಬ್ಬಿಸುತ್ತಾರೆ, 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದಾಗಿನ ದಿನಗಳು ಮರೆತಿರಾ ಎಂಬ ಭಯ ಇನ್ನು ಕೆಲವರದು. ಆ ಭಯ ನನಗೂ ಅರ್ಥವಾಗುತ್ತದೆ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ: ನಮ್ಮ ಬೆಂಚುಗಳಲ್ಲೇ ತೋಟದ ಮಾಲೀಕರಿದ್ದಾರೆ. ದೇವಾಲಯದ ಮಾಡಿಗೆ ಹಂಚು ಹಾಕಿಸಿಕೊಟ್ಟವರು ಅವರೇ.

ಮಾಡಬೇಕೋ ಬೇಡವೋ ಎಂಬುದರಲ್ಲಿ ನನಗೆ ಗೊಂದಲವಿಲ್ಲ. ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ ಎಂದು ಯಕೋಬನ ಪತ್ರದ 5ನೇ ಅಧ್ಯಾಯದಲ್ಲಿದೆ. 1891ರಲ್ಲಿ ಹದಿಮೂರನೇ ಲಿಯೋ ಜಗದ್ಗುರುಗಳು ಕಾರ್ಮಿಕರ ವಿಷಯವಾಗಿ ಬರೆದ ಪತ್ರದಲ್ಲಿ ಇದೇ ವಾಕ್ಯವನ್ನು ಎತ್ತಿ ಹೇಳಿದ್ದಾರೆ. ಇದನ್ನು ಮಕ್ಕಳಿಗೆ ಪಾಠ ಮಾಡಿ, ಆ ನೋಟ್‌ಬುಕ್ ನೋಡಿಯೂ ಸುಮ್ಮನೆ ಕಂಬಳಿ ಕೊಟ್ಟು ಬರುವುದು ನನ್ನಿಂದಾಗದು.

ಗೊತ್ತಿಲ್ಲದಿರುವುದು ದಾರಿ. ಆ ಪುಸ್ತಕವನ್ನು ಯಾರ ಹತ್ತಿರ ಒಯ್ಯಬೇಕು? ಚರ್ಚಿನ ಹೆಸರಿನಲ್ಲೇ ಹೋಗಬೇಕಾ? ಮಾಲೀಕರಾದ ನಮ್ಮವರ ಜೊತೆ ಹೇಗೆ ಮಾತಾಡುವುದು? ಫಾದರ್ ನಮ್ಮ ಜೊತೆಗಿದ್ದಾರೆ. ಆದರೆ ಇದು ಭಕ್ತಾದಿಗಳೇ ನಿಂತು ಮಾಡಬೇಕಾದ ಕೆಲಸ ಎನ್ನುತ್ತಾರೆ.

ನಿವೃತ್ತ ನರ್ಸ್, ಪಾಲಿಬೆಟ್ಟ

ಟೀಚರೇ, ನಿಮ್ಮ ಪ್ರಶ್ನೆ ಓದಿ ಬರೆಯದೆ ಇರಲಾಗಲಿಲ್ಲ. ನನ್ನ ಸರ್ವಿಸ್ ಪೂರ್ತಿ ಲೈನ್ ಮನೆಗಳ ನಡುವೆಯೇ ಕಳೆದಿದೆ. ಇಂಥ ಪುಸ್ತಕಗಳನ್ನು ನಾನೂ ಕಂಡಿದ್ದೇನೆ.

ಮೊದಲು ಕಾನೂನು. ಜೀತ ಪದ್ಧತಿ ರದ್ದತಿ ಕಾಯ್ದೆ 1976ರದು. ಜೀತ ಅಂದರೆ ಸರಪಳಿ ಹಾಕಿ ಕೂಡಿಹಾಕಿರಬೇಕು ಅಂತ ಜನ ತಿಳಿದಿದ್ದಾರೆ, ಹಾಗಲ್ಲ. ಮುಂಗಡ ಕೊಟ್ಟು, ಅದು ತೀರುವ ತನಕ ಬೇರೆ ಕಡೆ ಕೆಲಸಕ್ಕೆ ಹೋಗಬಾರದು ಅಂದರೂ ಜೀತವೇ. ಮುಂಗಡದ ನೆಪದಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೂ ಜೀತವೇ. ಅಪ್ಪನ ಸಾಲ ಮಗನ ತಲೆಗೆ, ಗಂಡನ ಸಾಲ ಹೆಂಡತಿ ತಲೆಗೆ ಬರುವುದೂ ಅದರ ವ್ಯಾಖ್ಯೆಯೊಳಗಿದೆ. ಹಾಗೆ ಜೀತದ ಸಾಲ ಅಂತ ಆದರೆ ಅದು ಕಾನೂನಿನ ಕಣ್ಣಿಗೆ ಸತ್ತುಹೋದ ಸಾಲ, ಒಂದು ರೂಪಾಯಿಯೂ ತೀರಿಸಬೇಕಾಗಿಲ್ಲ. ಇನ್ನೂ ಒಂದು ಮುಖ್ಯ ವಿಷಯ: ಇದು ಜೀತದ ಸಾಲ ಅಂತ ಆಳು ಹೇಳಿದರೆ ಸಾಕು, ಅಲ್ಲ ಅಂತ ತೋರಿಸಬೇಕಾದವನು ಸಾಲ ಕೊಟ್ಟವನು. ಓದು ಬರಹ ಗೊತ್ತಿಲ್ಲದ ಹೆಂಗಸಿಗೆ ಇದಕ್ಕಿಂತ ದೊಡ್ಡ ಬಲ ಬೇರೆ ಇಲ್ಲ.

ದೂರು ಹೋಗಬೇಕಾದ್ದು ಮಡಿಕೇರಿಗೆ, ಉಪವಿಭಾಗಾಧಿಕಾರಿಗೆ ಅಥವಾ ಜಿಲ್ಲಾಧಿಕಾರಿಗೆ. ವಿಚಾರಣೆ ಆಗಿ ಜೀತ ಅಂತ ಕಂಡರೆ ಬಿಡುಗಡೆ ಪತ್ರ ಕೊಡುತ್ತಾರೆ. ಆ ಕಾಗದ ಕೈಗೆ ಬಂದಮೇಲೇ ಉಳಿದದ್ದೆಲ್ಲ. ಕೇಂದ್ರದ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿ ತನಕ ಇದೆ. ಪುನರ್ವಸತಿಗೆ ಗಂಡಸಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ. ವಕೀಲರ ಫೀಸಿನ ಚಿಂತೆ ಬೇಡ. ಪರಿಶಿಷ್ಟ ಪಂಗಡದವರಿಗೂ ಹೆಂಗಸರಿಗೂ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100 ಅಂತ ಅವರ ಫೋನ್ ನಂಬರು. ಮತ್ತೆ ಜಿಲ್ಲೆಗೊಂದು ಜಾಗೃತಿ ಸಮಿತಿ ಇರಬೇಕು ಅಂತ ಇದೇ ಕಾಯ್ದೆ ಹೇಳುತ್ತದೆ. ಅದರಲ್ಲಿ ಪರಿಶಿಷ್ಟ ಜಾತಿ ಪಂಗಡದ ಮೂವರು, ಸಮಾಜ ಸೇವಕರು ಇಬ್ಬರು. ಸಮಿತಿ ಸಭೆ ಸೇರಿದೆಯಾ ಅಂತ ನಿಮ್ಮ ಧರ್ಮಕೇಂದ್ರದಿಂದ ಒಂದು ಅರ್ಜಿ ಹಾಕಿ ಕೇಳಿದರೆ ಅದೇ ಒಂದು ಕೆಲಸ.

ಇಷ್ಟು ಹೇಳಿದಮೇಲೆ, ನಾಳೆಯೇ ದೂರು ಕೊಡಬೇಡಿ ಅಂತಲೂ ನಾನೇ ಹೇಳುತ್ತೇನೆ.

ಕೊಡಗಿನಲ್ಲಿ ಕೆಲಸವೂ ಮನೆಯೂ ಒಂದೇ ಕೈಯಲ್ಲಿವೆ. ಬೇರೆ ಕಡೆ ಕೂಲಿಯವನು ಮಾಲೀಕನ ಜೊತೆ ಜಗಳ ಆಡಿದರೆ ಕೆಲಸ ಹೋಗುತ್ತದೆ, ಮನೆ ಉಳಿಯುತ್ತದೆ. ಇಲ್ಲಿ ಆ ರಾತ್ರಿಯೇ ಪಾತ್ರೆ ಪಗಡೆ ಹೊರಗೆ. ಮಳೆಗಾಲದಲ್ಲಿ, ಆನೆ ಓಡಾಡುವ ದಾರಿಯಲ್ಲಿ, ಆ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ನಮ್ಮ ಜಿಲ್ಲೆಯ ಕಾಡಂಚಿನ ದಿಡ್ಡಳ್ಳಿ ನೆನಪಿದೆಯಲ್ಲ. ಲೈನ್ ಮನೆ ಸಾಕು, ನಮ್ಮದೇ ಒಂದು ಸೂರು ಬೇಕು ಅಂತ ಹೊರಟುಬಂದವರೇ ಅಲ್ಲಿ ಬಹಳ ಇದ್ದರು. 2016ರ ಡಿಸೆಂಬರ್‌ನಲ್ಲಿ ಗುಡಿಸಲು ಕಿತ್ತುಹಾಕಿದಾಗ ಐನೂರಕ್ಕೂ ಹೆಚ್ಚು ಕುಟುಂಬ ಚಳಿಯಲ್ಲಿ ಮರದಡಿ ಕೂತಿತು. ಅವರು ಅಲ್ಲಿಂದ ಏಳಲಿಲ್ಲ. ರಾಜ್ಯವೇ ತಿರುಗಿ ನೋಡುವ ಹಾಗಾಯಿತು. ಆಮೇಲೆ ಜಿಲ್ಲೆಯಲ್ಲೇ ಬೇರೆ ಕಡೆ, ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. ಅಷ್ಟು ಜನ ಒಟ್ಟಿಗಿದ್ದದ್ದಕ್ಕೆ ಅಷ್ಟಾದರೂ ಆಯಿತು. ಒಂಟಿ ಕುಟುಂಬವನ್ನು ಮುಂದೆ ಬಿಟ್ಟು ನಾವು ಹಿಂದೆ ನಿಂತರೆ ಅವರಿಗೆ ಆ ಬಲ ಎಲ್ಲಿಂದ ಬರಬೇಕು?

ಅದಕ್ಕೆ ಕಾಗದ ಮೊದಲು. ಆಧಾರ್, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು, ವೋಟರ್ ಕಾರ್ಡು, ಬ್ಯಾಂಕ್ ಪುಸ್ತಕ. ಲೈನ್ ಮನೆಯವರಿಗೆ ಇವು ಸಿಗದೆ ಹೋಗುವುದಕ್ಕೆ ಬಹುತೇಕ ಕಾರಣ ಒಂದೇ, ಸ್ವಂತ ವಿಳಾಸ ಇಲ್ಲ. ಈ ತೋಟದಿಂದ ಆ ತೋಟಕ್ಕೆ ಹೋದಾಗೆಲ್ಲ ಹೆಸರು ಬಿಟ್ಟುಹೋಗುತ್ತದೆ. ನಿಮ್ಮ ಸಂಘದ ಹುಡುಗರು ನಾಡಕಚೇರಿಗೆ ಅವರ ಜೊತೆ ಹೋಗಿ ಕೂರಲಿ. ಅವರ ಪರವಾಗಿ ಹೋಗಬಾರದು, ಜೊತೆಗೆ ಹೋಗಬೇಕು. ಕೂಲಿ ಬಿಟ್ಟು ಬರುವ ದಿನದ ದುಡ್ಡು ಚರ್ಚಿನ ಕಾಣಿಕೆಯಿಂದ ಕೊಡಿ. ನನ್ನ ಪ್ರಕಾರ ಕಂಬಳಿಗಿಂತ ಆ ದುಡ್ಡು ಹೆಚ್ಚು ಕೆಲಸ ಮಾಡುತ್ತದೆ. ಗ್ರಾಮ ಆಡಳಿತಾಧಿಕಾರಿ ಸ್ಥಳ ಮಹಜರಿಗೆ ಬರುವ ದಿನ ಹಿರಿಯರೊಬ್ಬರು ಮನೆಯಲ್ಲಿರುವ ಹಾಗೆ ನೋಡಿಕೊಳ್ಳಿ. ಅದು ತಪ್ಪಿದರೆ ಅರ್ಜಿ ಮತ್ತೆ ಮೊದಲಿಗೆ ಬಂತು.

ಸಣ್ಣ ಮಾತು ಅನ್ನಿಸಬಹುದು, ಆದರೂ ಹೇಳುತ್ತೇನೆ. ಕಾಗದ ಮಾಡಿಸಿದಮೇಲೆ ಮನೆಗೊಂದು ಮುಚ್ಚಳದ ಡಬ್ಬಿ ಕೊಡಿ. ಲೈನ್ ಮನೆಯ ಮಾಡು ಜೂನ್‌ನಿಂದ ಸೋರುತ್ತದೆ. ಒಲೆ ಹೊಗೆ ಒಳಗೇ ಸುತ್ತುತ್ತದೆ. ಜಂತಿಗೆ ಸಿಕ್ಕಿಸಿಟ್ಟ ಕಾರ್ಡನ್ನು ಗೆದ್ದಲು ತಿಂದಿರುತ್ತದೆ. ಬಾಣಂತಿಯರ ತಾಯಿ ಕಾರ್ಡುಗಳು ಅಕ್ಷರ ಅಳಿಸಿಹೋಗಿ ಬರೀ ಹಳದಿ ರಟ್ಟಾಗಿ ನನ್ನ ಕೈಗೆ ಬಂದಿವೆ. ಆ ಹೆಂಗಸಿಗೆ ಹಿಂದಿನ ಹೆರಿಗೆ ಎಲ್ಲಿ ಆಗಿತ್ತು, ರಕ್ತ ಎಷ್ಟಿತ್ತು, ಏನೂ ತಿಳಿಯುತ್ತಿರಲಿಲ್ಲ. ಕಾಗದ ಉಳಿದರೆ ಜೀವ ಉಳಿಯುವ ಸಂದರ್ಭಗಳೂ ಇವೆ.

ಆ ಪುಸ್ತಕದ ಎಲ್ಲ ಪುಟದ ಫೋಟೋ, ಅವಳು ಒಪ್ಪಿದರೆ ಮಾತ್ರ, ಈಗಲೇ ತೆಗೆದಿಡಿ. ಬಳಸುವುದು ಯಾವಾಗ ಅಂತ ಅವಳೇ ಹೇಳಲಿ.

ಮತಾಂತರದ ಮಾತಿಗೆ ನನ್ನ ಉತ್ತರ ಇಷ್ಟೇ. ಏನು ಮಾಡುತ್ತೀರೋ ಬಾಗಿಲು ತೆರೆದಿಟ್ಟು ಮಾಡಿ. ಪಂಚಾಯಿತಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ. ಆ ಮನೆಗಳಲ್ಲಿ ಪ್ರಾರ್ಥನೆ ಬೇಡ, ಜಪಸರ ಬೇಡ, ಕರಪತ್ರ ಬೇಡ. ಹೊರದೇಶದ ದುಡ್ಡಿನ ತಂಟೆಗೇ ಹೋಗಬೇಡಿ, ಅದರ ಕಾನೂನು ಬೇರೆ. ಜೆರಾಕ್ಸು, ಆಟೋ ಬಾಡಿಗೆ, ಒಂದು ದಿನದ ಕೂಲಿ, ಇದಕ್ಕೆ ಭಾನುವಾರದ ಕಾಣಿಕೆ ಧಾರಾಳ ಸಾಕು.

ಸಣ್ಣ ಬೆಳೆಗಾರ, ಅಮ್ಮತ್ತಿ

ನಾನೂ ಕ್ರೈಸ್ತನೇ, ತೋಟದವನೇ. ರೊಬಸ್ಟಾ ಜೊತೆ ಕಾಳುಮೆಣಸು. ಟೀಚರ್ ಬರೆದ ಮೂರನೇ ಮಾತು ನನ್ನಂಥವರಿಗೆ ಅಂತ ತಿಳಿದೇ ಬರೆಯುತ್ತಿದ್ದೇನೆ.

ಎಲ್ಲ ಮಾಲೀಕರೂ ಆ ಪುಸ್ತಕದ ಹಾಗೆ ನಡೆಸುವುದಿಲ್ಲ. ಜನವರಿಯಿಂದ ಮಾರ್ಚ್ ತನಕ ಕುಯ್ಲಿನ ಸಮಯದಲ್ಲಿ ಆಳು ಸಿಗದೆ ಹಣ್ಣು ಗಿಡದಲ್ಲೇ ಒಣಗುತ್ತದೆ. ಮುಂಗಡ ಕೊಟ್ಟವರು ಹೇಳದೆ ಕೇಳದೆ ಬೇರೆ ತೋಟಕ್ಕೆ ಹೋದಾಗ ನಷ್ಟ ತಡೆದುಕೊಳ್ಳಲು ಸಣ್ಣವರಿಗೆ ಶಕ್ತಿ ಇರುವುದಿಲ್ಲ. ಈಗ ಅಸ್ಸಾಂನಿಂದ ಬರುವವರನ್ನು ನಂಬಿ ಕೂತಿದ್ದೇವೆ. ಈ ಮಾತನ್ನೂ ನಿಮ್ಮ ಸಭೆಯಲ್ಲಿ ಕೇಳಿಸಿಕೊಳ್ಳಬೇಕು.

ಹಾಗಂತ ಸತ್ತವನ ಬಾಕಿಯನ್ನು ಹೆಂಡತಿ ಹೆಸರಿಗೆ ಬರೆಯುವುದನ್ನು ನಾನು ಒಪ್ಪುವವನಲ್ಲ. ಅದು ಪಾಪ, ಸುತ್ತಿ ಬಳಸಿ ಹೇಳಬೇಕಾಗಿಲ್ಲ. ನನ್ನ ತೋಟದಲ್ಲಿ ಕೂಲಿ ಪೂರ್ತಿ ಬ್ಯಾಂಕಿಗೆ ಹಾಕುತ್ತೇನೆ, ಮುಂಗಡ ಕೊಟ್ಟರೆ ಒಂದು ಕುಯ್ಲಿಗೆ ಮಾತ್ರ, ಉಳಿದದ್ದು ಮುಂದಿನ ವರ್ಷಕ್ಕೆ ಎಳೆಯುವುದಿಲ್ಲ. 2024ರಿಂದ ಕಾಫಿಗೆ ನಮ್ಮ ತಲೆಮಾರು ಕಾಣದ ರೇಟು ಬಂದಿತ್ತು. ಹಳೇ ಬಾಕಿ ಹೊಡೆದುಹಾಕಲು ಅದಕ್ಕಿಂತ ಒಳ್ಳೆ ಕಾಲ ಯಾವುದಿತ್ತು?

ಒಂದು ಸಲಹೆ. ಪ್ರಸಂಗದಲ್ಲಿ ಹೇಳಿಸುವ ಮುಂಚೆ ಮಾಲೀಕರ ಮನೆಗಳಿಗೆ ಫಾದರ್ ಜೊತೆ ಹೋಗಿ, ಕೂತು ಮಾತಾಡಿ. ಪೂಜೆಯಲ್ಲಿ ಎಲ್ಲರೆದುರು ಕೇಳಿದರೆ ಮನಸ್ಸು ಗಟ್ಟಿಯಾಗುತ್ತದೆ. ಮನೆಯಲ್ಲಿ ಹೆಂಡತಿ ಮಕ್ಕಳ ಎದುರು ಕೇಳಿದರೆ ಯೋಚನೆ ಮಾಡುತ್ತಾರೆ. ನಿಮ್ಮ ಕಡೆ ಯಾರಾದರೂ ಮಾಲೀಕರು ನನ್ನ ಜೊತೆ ಮಾತಾಡಬೇಕೆಂದರೆ ನಾನು ಬರುತ್ತೇನೆ.

ಹಾಡಿ ಹುಡುಗ

ನಾನು ಯರವ. ಅಪ್ಪ ಅಮ್ಮ ಲೈನ್ ಮನೆಯಲ್ಲಿದ್ದವರು. ಆಶ್ರಮ ಶಾಲೆ, ಹಾಸ್ಟೆಲ್ ಅಂತ ಓದಿ ಈಗ ಡಿಗ್ರಿ ಮಾಡ್ತಿದ್ದೀನಿ. ನರ್ಸಮ್ಮ ಹೇಳಿದ್ದೆಲ್ಲ ಸರಿ ಇದೆ. ನಾನು ಬೇರೆ ನಾಲ್ಕು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಅಕ್ಕಿ ಕೊಡುವಾಗ ಫೋಟೋ ತೆಗೀಬೇಡಿ. ನಮ್ಮ ಅಜ್ಜಿ ಕಂಬಳಿ ಹಿಡ್ಕೊಂಡು ನಿಂತ ಫೋಟೋ ಯಾವುದೋ ಸಂಘದವರ ಕ್ಯಾಲೆಂಡರಲ್ಲಿ ಬಂದಿತ್ತು, ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ನಾನು ಅದನ್ನು ಕ್ಲಾಸಲ್ಲಿ ಬೇರೆಯವರ ಕೈಯಲ್ಲಿ ನೋಡಿದೆ.

ನಮ್ಮವರು ಒಪ್ಪಿದ್ದೀವಿ ಅಂತ ತಲೆ ಆಡಿಸಿದರೆ ಅದು ಒಪ್ಪಿಗೆ ಅಂತ ತಿಳೀಬೇಡಿ. ದೊಡ್ಡವರ ಎದುರು ಇಲ್ಲ ಅನ್ನೋದು ನಮ್ಮವರಿಗೆ ಅಭ್ಯಾಸ ಇಲ್ಲ. ಎರಡು ಮೂರು ಸಲ ಸುಮ್ಮನೆ ಬಂದು ಕೂತು ಹೋಗಿ. ಸಂಜೆ ಕತ್ತಲಾಗುವ ಮುಂಚೆ ಬನ್ನಿ, ಆಮೇಲೆ ಆನೆ ಭಯ. ಸಭೆ ಸೇರಿಸೋದಾದರೆ ತೋಟದ ಒಳಗೆ ಬೇಡ, ರೈಟರು ನೋಡ್ತಾ ಇದ್ದರೆ ಯಾರೂ ಬಾಯಿ ಬಿಡಲ್ಲ. ಅಂಗನವಾಡಿಯೋ ಶಾಲೆ ಜಗಲಿಯೋ ನೋಡಿ. ನಮ್ಮ ಮಾತು ಬರುವ ಒಬ್ಬರು ಜೊತೆಗಿರಲಿ.

ಇನ್ನೊಂದು. ಕಾಡಂಚಿನ ಹಾಡಿಯವರ (ಹಾಡಿ ಅಂದರೆ ನಮ್ಮ ಆದಿವಾಸಿಗಳ ಊರು) ವಿಷಯ ಬೇರೆ, ಲೈನ್ ಮನೆಯವರ ವಿಷಯ ಬೇರೆ, ಎರಡನ್ನೂ ಸೇರಿಸಿಬಿಡ್ತಾರೆ. ಕಾಡಂಚಿನವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ಜಾಗದಲ್ಲಿ ಇದ್ದರೆ ಹಕ್ಕು ಕೇಳಬಹುದು. ದಾಖಲೆ ಇಲ್ಲ ಅಂತ ಅರ್ಜಿ ವಾಪಸ್ ಕಳಿಸ್ತಾರೆ. ಆದರೆ ಹಿರಿಯರ ಹೇಳಿಕೆ ಬರೆದುಕೊಟ್ಟರೆ ಅದೂ ಸಾಕ್ಷಿ, ನಮ್ಮ ಹಿರಿಯರನ್ನು ಮಣ್ಣು ಮಾಡಿದ ಜಾಗವೂ ಸಾಕ್ಷಿ ಅಂತ ನಿಯಮದಲ್ಲೇ ಇದೆ. ಇದು ಗೊತ್ತಿರುವ ನಮ್ಮವರು ಕಡಿಮೆ. ಬರೆದುಕೊಡೋಕೆ ನಿಮ್ಮ ಟೀಚರ್‌ಗಳು ಬಂದರೆ ಬಹಳ ಉಪಕಾರ. ಲೈನ್ ಮನೆಯವರಿಗೆ ಆ ಕಾಯ್ದೆ ನಡೆಯಲ್ಲ. ಅವರಿಗೆ ಪೈಸಾರಿ, ಅಂದರೆ ಸರ್ಕಾರಿ ಜಾಗದಲ್ಲಿ ನಿವೇಶನ ಕೇಳಬೇಕು.

ದೇವರ ವಿಷಯ ನರ್ಸಮ್ಮ ಹೇಳಿಬಿಟ್ಟಿದ್ದಾರೆ. ನೀವು ನಿಮ್ಮ ದೇವರನ್ನು ಅಡಗಿಸಿಡಿ ಅಂತ ಅಲ್ಲ. ಯಾಕೆ ಬಂದಿದ್ದೀರಿ ಅಂತ ನಮ್ಮವರು ಕೇಳಿದರೆ ನಿಜ ಹೇಳಿ. ಆದರೆ ಜಾತಿ ಪತ್ರ ಮಾಡಿಸಿಕೊಟ್ಟಿದ್ದಕ್ಕೆ ಚರ್ಚಿಗೆ ಬರಬೇಕೇನೋ ಅಂತ ನಮ್ಮಮ್ಮನಿಗೆ ಅನ್ನಿಸಬಾರದು.

ಸಿದ್ದಾಪುರದ ಟೀಚರ್

ತಮ್ಮಾ, ಫೋಟೋದ ಮಾತು ಇವತ್ತೇ ಸಂಘದ ಹುಡುಗರಿಗೆ ಹೇಳಿದ್ದೇನೆ. ಇನ್ನು ಮುಂದೆ ಇಲ್ಲ.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು, ಮಡಿಕೇರಿ

ಚರ್ಚಿಗೆ ಇದು ಹೊಸ ಕೆಲಸ ಅನ್ನುವವರಿಗೆ ನೆನಪಿಸಬೇಕು. ಅಮ್ಮತ್ತಿ ಹತ್ತಿರದ ಆನಂದಪುರ ಎಂಬ ಊರು ಹುಟ್ಟಿದ್ದೇ ಹೀಗೆ. 1850ರ ದಶಕದಲ್ಲಿ ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟೆಂಟ್ ಸಂಸ್ಥೆಯ ಹರ್ಮನ್ ಮೋಗ್ಲಿಂಗ್, ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದವರು, ಕೊಡಗಿಗೆ ಬಂದು ದಲಿತ ಕುಟುಂಬಗಳಿಗೆ ಅಲ್ಲಿ ನೆಲೆ ಮಾಡಿಕೊಟ್ಟರು. ಅಲ್ಲಿ ನಂಬಿಕೆ ಮತ್ತು ನೆಲ ಜೊತೆಜೊತೆಗೆ ಬಂದವು. ಇವತ್ತು ಹಾಗೆ ಸೇರಿಸಬಾರದು ಎಂದು ನರ್ಸಮ್ಮನೂ ಆ ಹುಡುಗನೂ ಹೇಳುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಒಬ್ಬ ಮನುಷ್ಯನಿಗೆ ಕಾಲಡಿ ನೆಲ ಬೇಕು ಎಂಬ ಮಟ್ಟಿಗೆ ಅವರು ಕಂಡದ್ದು ಸರಿ.

ನಿಮ್ಮ ಕಥೋಲಿಕರ ಕಥೆಯೂ ಅದೇ ಅಲ್ಲವೇ? ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಸರೆ ಕೊಟ್ಟದ್ದರಿಂದ 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ ಎದ್ದಿತು. ಬೇರೆ ಧರ್ಮದ ಅರಸ ನಮಗೆ ಜಾಗ ಕೊಟ್ಟಾಗ ಧರ್ಮ ಬದಲಿಸಿ ಅನ್ನಲಿಲ್ಲ. ಸಮಿತಿಯಲ್ಲಿ ಹಿಂಜರಿಯುವವರಿಗೆ ಇದನ್ನು ಹೇಳಿ ನೋಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗಲೂ ಯಾರ ಅನ್ನ ಯಾರು ತಿಂದೆವು ಎಂದು ನಾವ್ಯಾರೂ ಕೇಳಲಿಲ್ಲ.

ಸಿಎಸ್‌ಐ, ಕಥೋಲಿಕ ಎಂದು ನೋಡದೆ ಒಟ್ಟಿಗೆ ಮಾಡುವುದಾದರೆ ಮಡಿಕೇರಿ ಕಚೇರಿಗಳ ಓಡಾಟ ನಮ್ಮ ಸಭೆಯವರು ನೋಡಿಕೊಳ್ಳುತ್ತೇವೆ. ನಿಮ್ಮ ಕಡೆಯಿಂದ ಪ್ರತಿ ಸಲ ಬಸ್ಸು ಹಿಡಿದು ಬರುವುದು ತಪ್ಪುತ್ತದೆ.

ಸಿದ್ದಾಪುರದ ಟೀಚರ್

ಎಲ್ಲರಿಗೂ ಮನಸಾರೆ ವಂದನೆಗಳು. ನಿಮ್ಮ ಉತ್ತರಗಳನ್ನು ಪ್ರಿಂಟ್ ತೆಗೆಸಿ ಭಾನುವಾರ ಪೂಜೆ ಮುಗಿದಮೇಲೆ ಸಮಿತಿಯಲ್ಲಿ ಓದಿದೆ. ಎಲ್ಲರೂ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. ಇಬ್ಬರು ಎದ್ದುಹೋದರು. ಆದರೆ ನಿರ್ಣಯ ಬರೆದು, ಫಾದರ್ ಸಹಿ ಹಾಕಿದ್ದಾರೆ.

ಕಂಬಳಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಅರ್ಧ ಕಾಗದದ ಕೆಲಸಕ್ಕೆ. ಚಳಿ ಚಳಿಯೇ, ಕಂಬಳಿ ಪೂರ್ತಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ನರ್ಸಮ್ಮನ ಮಾತಿನಂತೆ ಡಬ್ಬಿ ಕೂಡ ಕೊಡುತ್ತೇವೆ. ಅಮ್ಮತ್ತಿಯ ಅಣ್ಣ ಹೇಳಿದ ಹಾಗೆ ನಮ್ಮ ಮಾಲೀಕರ ಮನೆಗಳಿಗೆ ಫಾದರ್, ನಾನು, ಸಮಿತಿಯ ಹಿರಿಯರೊಬ್ಬರು ಹೋಗುತ್ತೇವೆ. ಅಣ್ಣನೂ ಬರುವುದಾದರೆ ಮೊದಲ ಮನೆಗೇ ಬರಲಿ, ಅದೇ ಎಲ್ಲಕ್ಕಿಂತ ಕಷ್ಟದ್ದು. ಮಡಿಕೇರಿಯವರಿಗೆ ಫಾದರ್ ತಾವೇ ಫೋನ್ ಮಾಡುತ್ತಾರೆ.

ಆ ಹೆಂಗಸಿನ ಹತ್ತಿರ ಮತ್ತೆ ಹೋಗಿದ್ದೆ. ಪುಸ್ತಕದ ಫೋಟೋಗೆ ಒಪ್ಪಿದಳು. ದೂರು ಈಗ ಬೇಡ, ಮೊದಲು ಮಗಳ ಜಾತಿ ಪತ್ರ ಆಗಲಿ ಅಂದಳು. ಮಗಳು ಹಾಸ್ಟೆಲ್ ಸೇರಿ ಒಳಗಿದ್ದರೆ ಆಮೇಲೆ ಏನು ಬಂದರೂ ತಡೆದುಕೊಳ್ಳುತ್ತೇನೆ ಎಂಬುದು ಅವಳ ಲೆಕ್ಕ. ಅವಳು ಹೇಳಿದ ಕ್ರಮದಲ್ಲೇ ಹೋಗುತ್ತೇವೆ. ಶಾಲೆ ಶುರುವಾಗುವ ಮುಂಚೆ ಆ ಪತ್ರ ಕೈಗೆ ಬರಬೇಕು, ಸದ್ಯಕ್ಕೆ ನಮ್ಮ ಮುಂದಿರುವುದು ಅದೊಂದೇ.

ಒಂದು ಸಹಾಯ ಬೇಕು. ಯರವ ಮಾತು ಚೆನ್ನಾಗಿ ಬರುವ, ಸಿದ್ದಾಪುರ ಕಡೆ ಶನಿವಾರ ಸಂಜೆ ಬರಬಲ್ಲ ಹೆಂಗಸರು ಯಾರಾದರೂ ಇದ್ದರೆ ಇಲ್ಲೇ ಬರೆಯಿರಿ. ಬಸ್ ಖರ್ಚು, ಆ ದಿನದ ಕೂಲಿ ನಾವು ಕೊಡುತ್ತೇವೆ.